ಪದಚರ್ಚೆ: ಕಣ್ಣಿನ ಔಷಧದ ಟ್ರಯಲ್, ಒಪ್ಪಿಗೆ ಪತ್ರಕ್ಕೆ ಮೂರು ಪದ ಬೇಕು (ತುರ್ತು)

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಬೇಕು, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ.

ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆ ಊದಿಕೊಂಡವರಿಗೆ ಒಂದು ಹೊಸ ಔಷಧಿಯ ಟ್ರಯಲ್ ಶುರುವಾಗಲಿದೆ. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ನನ್ನ ಪಾಲಿಗೆ ಬಂದಿದೆ. ಮೊದಲು ಒಂದು ಏಜೆನ್ಸಿ ಮಾಡಿಕೊಟ್ಟ ಕರಡು ಹೀಗಿದೆ: “ಇದು ಯಾದೃಚ್ಛಿಕ, ದ್ವಿ-ಅಂಧ, ಕಪಟ-ನಿಯಂತ್ರಿತ ಅಧ್ಯಯನ. ನಿಮಗೆ ಕಪಟ ಚುಚ್ಚುಮದ್ದನ್ನು ನೀಡಬಹುದು.”

ಕಣ್ಣು ಹೋದೀತು ಅಂತ ಹೆದರಿ ಬಂದವರ ಕೈಗೆ ‘ಅಂಧ’ ಅಂತ ಬರೆದ ಕಾಗದ ಕೊಡೋಕಾಗುತ್ತಾ? ಮೂಲದಲ್ಲಿ ‘ಬ್ಲೈಂಡ್’ ಇಲ್ಲವೇ ಇಲ್ಲ. ಕಣ್ಣಿನ ಡಾಕ್ಟರುಗಳು ಆ ಪದ ಬಿಟ್ಟು ‘ಮಾಸ್ಕ್’ ಅಂತ ಬಳಸುವುದೇ ಇದಕ್ಕಾಗಿ. ಏಜೆನ್ಸಿಯವರು ಕಷ್ಟಪಟ್ಟು ಹಿಂದಕ್ಕೆ ಹೋಗಿದ್ದಾರೆ.

ನನಗೆ ಬೇಕಾದ್ದು ರಾಂಡಮೈಸ್ಡ್ (ಯಾರಿಗೆ ಯಾವ ಔಷಧಿ ಅಂತ ಯಾರೂ ಆರಿಸದೆ ಹಂಚುವುದು), ಡಬಲ್ ಮಾಸ್ಕ್ಡ್ (ಯಾವುದು ಬಂತು ಅಂತ ರೋಗಿಗೂ ಪರೀಕ್ಷಿಸುವವರಿಗೂ ಹೇಳದಿರುವುದು), ಶಾಮ್ ಇಂಜೆಕ್ಷನ್ (ಚುಚ್ಚಿದ ಹಾಗೆ ಮಾಡುವುದು ಅಷ್ಟೇ). ಓದುವವರಲ್ಲಿ ಏಳನೇ ಕ್ಲಾಸು ಮುಗಿಸದವರೂ ಇರುತ್ತಾರೆ. ನಾನು ಬರೆದದ್ದನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ಮಾಡಿ, ಎಥಿಕ್ಸ್ ಕಮಿಟಿಯವರು ಮೂಲದ ಜೊತೆ ಇಟ್ಟು ನೋಡುತ್ತಾರೆ. ಹಾಗಾಗಿ ತೀರಾ ಹೊಸ ಪದವಾದರೂ ಕಷ್ಟ.

ಮೇಷ್ಟ್ರು, ಮೈಸೂರು:

‘ಕಪಟ’ ಅಂದರೆ ಮೋಸ ಮಾಡುವ ಮನಸ್ಸು. ಹೊಡೆದು ಹಾಕಿ. ಶಾಮ್ ಎಂಬುದಕ್ಕೆ ‘ಹುಸಿ’ ಇದೆ. ಹುಸಿನಗೆ, ಹುಸಿಮುನಿಸು, ‘ಹುಸಿಚುಚ್ಚು’. ಮುಗಿಯಿತು.

ಮಾಸ್ಕ್ಡ್ ಎಂಬುದಕ್ಕೆ ‘ಮರೆ’. ಎರಡೂ ಕಡೆ ಮರೆಯಾದ್ದರಿಂದ ‘ಇಮ್ಮರೆ’. ಇಮ್ಮಡಿ, ಇಕ್ಕೆಲ, ಇಬ್ಬಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳಗನ್ನಡದಲ್ಲಿ ಮರೆಗೂ ಶಕಟರೇಫ (ಈಗ ಬಿಟ್ಟುಹೋದ ‘ಱ’ ಅಕ್ಷರ), ಮರೆವಿಗೂ ಶಕಟರೇಫ. ಕಣ್ಣಿಗೆ ಬೀಳದ್ದು ಮನಸ್ಸಿನಿಂದಲೂ ಜಾರುತ್ತದೆ, ಎರಡರ ಬೇರೂ ಒಂದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಿಡಮರದ ‘ಮರ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದೊಮ್ಮೆ ಇಲ್ಲಿ ಯಾರೋ ಹಾಗೆ ಬರೆದಿದ್ದರು.

ಇನ್ನೊಂದು. ಓಷಧಿ ಅಂದರೆ ಗಿಡ. ಔಷಧ ಅಂದರೆ ಅದರಿಂದ ಮಾಡಿದ್ದು. ‘ಔಷಧಿ’ ಅಂದರೆ ಏನೂ ಅಲ್ಲ. ಪತ್ರದಲ್ಲಿ ಎಷ್ಟು ಕಡೆ ಇದೆಯೋ ಅಷ್ಟೂ ತಿದ್ದಿ.

ತುಮಕೂರು:

ಇಮ್ಮರೆ ಚೆನ್ನಾಗಿದೆ. ಹುಸಿಚುಚ್ಚು ಕೂಡ ಒಪ್ಪಿಗೆ. ಆದರೆ ‘ಅದ್ಯಯನ’ ಯಾಕೆ ಬೇಕು, ‘ಅರಕೆ’ ಅನ್ನಿ. ರಾಂಡಮ್ ಎಂಬುದಕ್ಕೆ ‘ಬೇಕಾಬಿಟ್ಟಿ ಆಯ್ಕೆ’ ಆಗುತ್ತದೆ. ಜನರ ಬಾಯಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರಹದಲ್ಲಿ ಹೇರುವುದು ಯಾತಕ್ಕೆ? ‘ಅವ್ಶದ’ ಅಂತ ಬರೆದರೆ ಮೇಶ್ಟ್ರ ತಕರಾರೂ ಮುಗಿಯುತ್ತದೆ.

ಮಂಡ್ಯ:

ನಮ್ಮ ಕಡೆ ಹಕಾರ ಬಿದ್ದುಹೋಗುತ್ತೆ ಸ್ವಾಮಿ. ‘ಅರಕೆ’ ಅಂದ್ರೆ ಹರಕೆ. ಆಸ್ಪತ್ರೆಯಲ್ಲಿ “ಇಮ್ಮರೆ ಅರಕೆಗೆ ಸೇರಿಕೊಳ್ಳಿ” ಅಂದ್ರೆ ಮುಡಿ ಕೊಡೋಕೆ ತಯಾರಾಗಿ ಬರ್ತಾರೆ.

ಕಣ್ಣಿನ ಡಾಕ್ಟರು, ಹುಬ್ಬಳ್ಳಿ:

‘ಬೇಕಾಬಿಟ್ಟಿ’ ಮಾತ್ರ ದಯವಿಟ್ಟು ಬೇಡ್ರಿ. ಅರ್ಥ ಪೂರ್ತಿ ಉಲ್ಟಾ ಆಗುತ್ತದೆ. ಯಾರಿಗೆ ಯಾವ ಔಷಧಿ ಅನ್ನುವುದರಲ್ಲಿ ಯಾರ ಮರ್ಜಿಯೂ ನಡೆಯಬಾರದು ಅಂತಲೇ ಈ ಪದ್ಧತಿ ಬಂದದ್ದು. ಡಾಕ್ಟರಿಗೆ ಆರಿಸೋಕೆ ಬಿಟ್ಟರೆ ಅವರು ತಮಗೆ ಗೊತ್ತಿಲ್ಲದೇನೇ ಗಟ್ಟಿ ಇರುವವರನ್ನು ಒಂದು ಕಡೆ ಹಾಕಿಬಿಡುತ್ತಾರೆ. ಆಮೇಲೆ ಗುಣವಾದದ್ದು ಔಷಧಿಯಿಂದಲೋ ಮೈಯ ಕಸುವಿನಿಂದಲೋ ಹೇಳೋಕೆ ಬರುವುದಿಲ್ಲ.

ಇದಕ್ಕೆಲ್ಲ ಮಾದರಿ ಅಂತ ಹೇಳುವುದು 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಟ್ರಯಲ್. ಕ್ಷಯಕ್ಕೆ ಹೊಸ ಔಷಧಿ, ಅದೂ ಸಿಗುತ್ತಿದ್ದದ್ದು ಚೂರೇ ಚೂರು. ಬ್ರಾಡ್‌ಫೋರ್ಡ್ ಹಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಮೊದಲೇ ಅಂಕಿಗಳ ಪಟ್ಟಿ ಮಾಡಿ, ಮುಚ್ಚಿದ ಲಕೋಟೆಗಳಲ್ಲಿ ಇಟ್ಟರು. ರೋಗಿಯನ್ನು ಸೇರಿಸಿಕೊಂಡ ಮೇಲಷ್ಟೇ ಲಕೋಟೆ ಒಡೆಯಬೇಕು. ಒಟ್ಟು 107 ಜನ. ಔಷಧಿ ಬಂದದ್ದು 55 ಜನಕ್ಕೆ, ಉಳಿದ 52 ಜನಕ್ಕೆ ಹಾಸಿಗೆಯಲ್ಲಿ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಜನ ತೀರಿಕೊಂಡರು, ಉಳಿದವರಲ್ಲಿ 14 ಜನ.

ನಿಮ್ಮ ‘ಶಾಮ್’ ಪ್ರಶ್ನೆಯೂ ಅಲ್ಲೇ ಎದ್ದಿತ್ತು. ಸ್ಟ್ರೆಪ್ಟೊಮೈಸಿನ್ ದಿನಕ್ಕೆ ನಾಲ್ಕು ಸಲ ಚುಚ್ಚಬೇಕಿತ್ತು. ಔಷಧಿ ಇಲ್ಲದ ನೀರನ್ನು ತಿಂಗಳುಗಟ್ಟಲೆ ಹಾಗೆ ಚುಚ್ಚುವುದು ಸರಿಯಲ್ಲ ಅಂತ ಬಿಟ್ಟರು. ಅದರ ಬದಲು, ಎಕ್ಸ್‌ರೇ ನೋಡುವ ಡಾಕ್ಟರಿಗೆ ಇದು ಯಾವ ಗುಂಪಿನವರದು ಅಂತ ಹೇಳಲಿಲ್ಲ. ಅಂದರೆ ಮುಚ್ಚಿಟ್ಟದ್ದು ಪರೀಕ್ಷೆ ಮಾಡುವವರಿಂದ.

ಕಣ್ಣಿನ ಟ್ರಯಲ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಶಾಮ್ ಇಂಜೆಕ್ಷನ್ ಅಂದರೆ ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ತೊಳೆದು, ಸೂಜಿ ಇಲ್ಲದ ಸಿರಿಂಜನ್ನು ಕಣ್ಣಿನ ಮೇಲೆ ಒತ್ತುವುದು. ಒತ್ತಿದ್ದು ರೋಗಿಗೆ ಗೊತ್ತಾಗುತ್ತದೆ, ಒಳಗೆ ಏನೂ ಹೋಗಿರುವುದಿಲ್ಲ. ಸೂಜಿ ಇದೆಯೋ ಇಲ್ಲವೋ ಅಂತ ಒತ್ತುವ ಡಾಕ್ಟರಿಗೆ ಗೊತ್ತಿರಲೇಬೇಕಲ್ಲ! ಹಾಗಾಗಿ ದೃಷ್ಟಿ ಪರೀಕ್ಷಿಸುವ ಡಾಕ್ಟರು ಬೇರೆ ಇರುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ. ‘ಡಬಲ್’ ಅಂದರೆ ರೋಗಿ ಮತ್ತು ಈ ಎರಡನೇ ಡಾಕ್ಟರು. ‘ಇಮ್ಮರೆ’ ಅಂದರೆ ಇದು ಯಾರಿಗೆ ತಿಳಿದೀತು? “ಡಾಕ್ಟರಿಗೂ ಗೊತ್ತಿರುವುದಿಲ್ಲ” ಅಂತ ಬಿಡಿಸಿ ಬರೆದರೂ ಅದು ಅರ್ಧ ಸುಳ್ಳೇ.

ಇನ್ನೊಂದು ಮಾತು. 2006ರಲ್ಲಿ ಪ್ರಕಟವಾದ ಮರೀನಾ ಟ್ರಯಲ್‌ನಲ್ಲಿ 716 ಜನ ಇದ್ದರು. ವಯಸ್ಸಾದವರ ಮ್ಯಾಕುಲಾ (ಹಿಂಪರದೆಯ ನಡುಭಾಗ) ಕಾಯಿಲೆಗೆ ರಾನಿಬಿಜುಮ್ಯಾಬ್ ಅನ್ನುವ ಔಷಧಿ ಕೊಟ್ಟು ನೋಡಿದ್ದು. ಅಲ್ಲಿ ಒಂದು ಗುಂಪಿಗೆ ತಿಂಗಳು ತಿಂಗಳೂ ಬರೀ ಶಾಮ್. ವರ್ಷದ ಕೊನೆಗೆ ದೃಷ್ಟಿ ಹೆಚ್ಚು ಕೆಡದೆ ಉಳಿದವರು ಔಷಧಿ ಪಡೆದವರಲ್ಲಿ ಸುಮಾರು 95%, ಶಾಮ್ ಗುಂಪಿನಲ್ಲಿ 62%. ಒಳ್ಳೆಯ ಔಷಧಿ ಇದೆ ಅಂತಾದ ಮೇಲೆ ಬರೀ ಶಾಮ್ ಕೊಟ್ಟು ಕೂರಿಸುವುದು ಅನ್ಯಾಯ. ಈಗ ಎರಡೂ ಗುಂಪಿಗೆ ನಿಜವಾದ ಔಷಧಿ ಕೊಟ್ಟು, ಒಂದನ್ನು ತಿಂಗಳಿಗೊಮ್ಮೆ, ಇನ್ನೊಂದನ್ನು ಅಪರೂಪಕ್ಕೆ ಕೊಡುವ ಟ್ರಯಲ್‌ಗಳು ಜಾಸ್ತಿ. ನಡುವಿನ ತಿಂಗಳುಗಳಲ್ಲಿ ಲೆಕ್ಕ ಸರಿಹೋಗಲಿ ಅಂತ ಶಾಮ್. ಮೇಡಂ, ನಿಮ್ಮದು ಯಾವ ಥರ ಅಂತ ಮೊದಲು ನೋಡಿಕೊಳ್ಳಿ. ಮೊದಲನೇ ಥರದ್ದಾದರೆ ಪದದ ಚಿಂತೆಗಿಂತ ದೊಡ್ಡ ಚಿಂತೆ ಇದೆ.

ಮೇಷ್ಟ್ರು, ಮೈಸೂರು:

ಪಾಠಕ್ಕೆ ಧನ್ಯವಾದ. ಕೇಳಿದ್ದು ಪದ. ಮತ್ತು ‘ಔಷಧಿ’ ಎಂದು ಎಣಿಸಲಾರದಷ್ಟು ಸಲ ಬರೆದಿದ್ದೀರಿ.

ಹುಬ್ಬಳ್ಳಿ:

ಮೇಷ್ಟ್ರೇ, ನಮ್ಮ ಬೀದಿಯ ಎಲ್ಲಾ ಔಷಧಿ ಅಂಗಡಿಯ ಬೋರ್ಡು ತಿದ್ದಿಸಿ ಬನ್ನಿ, ನಾನೂ ತಿದ್ದುಕೊಳ್ಳುತ್ತೇನೆ.

ಸಾಗರ:

ಮೂರು ಪದಕ್ಕೂ ಮುಂಚೆ ಶೀರ್ಷಿಕೆ ನೋಡಿ. ಕರಡಿನಲ್ಲಿ ‘ಔಷಧ ಪ್ರಯೋಗ’ ಅಂತ ಇದ್ದರೆ ನಮ್ಮ ಕಡೆ ಕಷ್ಟ. ‘ಪ್ರಯೋಗ ಮಾಡಿಸಿದಾರೆ’ ಅಂದರೆ ಮಾಟ ಮಾಡಿಸಿದ್ದಾರೆ ಅಂತ. ತುಮಕೂರಿನವರಿಗೆ ಮುಂದೆ ‘ಮದ್ದು’ ಹೊಳೆದರೆ ಅಂತ ಈಗಲೇ ಹೇಳುತ್ತೇನೆ, ‘ಮದ್ದು ಹಾಕಿದಾರೆ’ ಅಂದರೂ ಅದೇ ಗತಿ. ‘ಪ್ರಯೋಗಕ್ಕೆ ಒಳಪಡುವವರು’ ಅಂತಲೂ ಬರೆಯಬೇಡಿ. 2024ರಲ್ಲಿ ಹೆಲ್ಸಿಂಕಿ ಘೋಷಣೆಯನ್ನು ತಿದ್ದಿದಾಗ ‘ಸಬ್ಜೆಕ್ಟ್’ ತೆಗೆದು ‘ಪಾರ್ಟಿಸಿಪೆಂಟ್’ ಮಾಡಿದ್ದಾರೆ. ‘ಭಾಗವಹಿಸುವವರು’ ಸಾಕು.

ರಾಂಡಮ್‌ಗೆ ‘ಚೀಟಿ ಎತ್ತುವುದು’ ಅನ್ನಬಹುದು ಅಂತ ಬರೆಯಲು ಹೊರಟಿದ್ದೆ. ಆದರೆ ಆಸ್ಪತ್ರೆಯಲ್ಲಿ ಚೀಟಿ ಅಂದರೆ ಡಾಕ್ಟರು ಬರೆದುಕೊಡುವುದು, ಬೆಂಗಳೂರಿನಲ್ಲಿ ಚೀಟಿ ಅಂದರೆ ದುಡ್ಡು ಕಟ್ಟುವುದು. ‘ಲಾಟರಿ’ ಅಂದರೆ ಹೊಸ ಔಷಧವೇ ಬಹುಮಾನ, ಹಳೆಯದು ಬಂದವರು ಸೋತರು ಅನಿಸುತ್ತದೆ. ಹೊಸದು ಒಳ್ಳೆಯದು ಅಂತ ಇನ್ನೂ ಗೊತ್ತಿಲ್ಲ, ಅದಕ್ಕೇ ತಾನೇ ಟ್ರಯಲ್!

ಮಂಗಳೂರು:

ಚೀಟಿ ಯಾವಾಗಲೂ ಒಬ್ಬೊಬ್ಬರಿಗೇ ಎತ್ತುವುದೂ ಅಲ್ಲ. ಇಲ್ಲಿಯ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಮಾಡಿದ ‘ರೇಷನ್ಸ್’ ಟ್ರಯಲ್ 2023ರಲ್ಲಿ ಪ್ರಕಟವಾಯಿತು. ಟಿಬಿ ರೋಗಿಗಳಿಗೆ ಎಲ್ಲಾ ಕಡೆ ಆಹಾರ ಕೊಟ್ಟರು. ಕೆಲವು ಪ್ರದೇಶಗಳಲ್ಲಿ ಮನೆಯವರಿಗೂ ಧಾನ್ಯ, ಬೇಳೆ ಕೊಟ್ಟರು. ಚೀಟಿ ಎತ್ತಿದ್ದು ಇಡೀ ಪ್ರದೇಶಕ್ಕೆ, ಒಂದೊಂದು ಮನೆಗೆ ಅಲ್ಲ. ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. ಅಲ್ಲಿ ಮರೆಯೂ ಇಲ್ಲ, ಹುಸಿಯೂ ಇಲ್ಲ. ಹುಸಿ ಅಕ್ಕಿ ಎಲ್ಲಿಂದ ತರುವುದು ಮಾರಾಯ್ರೇ? ‘ಇಮ್ಮರೆ’ ಮಾಡುವವರು ಇಂಥದ್ದಕ್ಕೂ ಒಂದು ಪದ ಮಾಡಿಡಿ.

ನ್ಯೂಜೆರ್ಸಿ:

ಇಷ್ಟೆಲ್ಲ ಒದ್ದಾಟ ಯಾಕೆ? ಬಿಪಿ, ಶುಗರ್, ಸ್ಕ್ಯಾನಿಂಗ್, ಇಂಜೆಕ್ಷನ್ ಅಂತ ಅಜ್ಜಿಯರೂ ಹೇಳುತ್ತಾರೆ. ಶಾಮ್, ರಾಂಡಮ್ ಅಂತಲೇ ಕನ್ನಡದಲ್ಲಿ ಬರೆಯಿರಿ. ಔಷಧಿಯ ಹಾಗೆ ಕೊಡುವ, ಔಷಧಿ ಇಲ್ಲದ ಮಾತ್ರೆಗೆ ‘ಪ್ಲಸೀಬೊ’ ಅಂತಾರಲ್ಲ, ಅದೇನು ಇಂಗ್ಲಿಷಾ? ಲ್ಯಾಟಿನ್. ‘ಮೆಚ್ಚಿಸುತ್ತೇನೆ’ ಅಂತ ಅರ್ಥ. ಸತ್ತವರಿಗಾಗಿ ಚರ್ಚಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆಯ ಪದ. ಅದನ್ನು ಡಾಕ್ಟರುಗಳು ಎತ್ತಿಕೊಂಡರು. ಇಂಗ್ಲಿಷಿನವರು ಆಗ ಅಪ್ಪಟ ಇಂಗ್ಲಿಷ್ ಬೇಕು ಅಂತ ಜಗಳ ಆಡುತ್ತಾ ಕೂರಲಿಲ್ಲ.

ತುಮಕೂರು:

ಎರವಲು ತರುವುದಕ್ಕೆ ನಾನು ಹಗೆಯಲ್ಲ. ಅಜ್ಜಿಯರು ಶುಗರ್ ಅಂತಾರೆ, ಯಾಕಂದರೆ ಆ ಪದ ಅವರ ಬಾಯಿಗೆ ತಾನಾಗಿ ಬಂತು. ಶಾಮ್ ಬಂದಿಲ್ಲ. ನ್ಯೂಜೆರ್ಸಿಯಲ್ಲಿ ಬಂದಿರಬಹುದು.

ಮೇಷ್ಟ್ರು, ಮೈಸೂರು:

ತುಮಕೂರಿನವರ ಜೊತೆ ನಾನು ಒಪ್ಪುವುದು ಅಪರೂಪ. ಇಂದು ಒಪ್ಪುತ್ತೇನೆ.

ನ್ಯೂಜೆರ್ಸಿ:

ಹಾಗಾದರೆ ‘ಚೀಟಿ’? ಅದು ಚಿಟ್ಠಿಯಿಂದ ಬಂದದ್ದು. ಇಂಗ್ಲಿಷಿನ ‘ಚಿಟ್’ ಕೂಡ ಅಲ್ಲಿಂದಲೇ ಹೋದದ್ದು. ಅವರು ನಮ್ಮಿಂದ ತಗೊಂಡರೆ ಹೆಮ್ಮೆ, ನಾವು ತಗೊಂಡರೆ ಅವಮಾನ, ಅಲ್ವಾ?

ಮೇಷ್ಟ್ರು, ಮೈಸೂರು:

ಅವಮಾನ ಎಂದು ಯಾರೂ ಬರೆದಿಲ್ಲ. ಓದಿ ಬರೆಯಿರಿ.

ಸಾಗರ:

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಆಮೇಲೆ ಜನ ಜ್ವರಕ್ಕೆ ಬಿದ್ದರು. ಪುಸ್ತಕದಲ್ಲಿ ಅದಕ್ಕೆ ಕಾಡಿನ ಹೆಸರಿಟ್ಟರು. ನಮ್ಮ ಊರಿನವರು ‘ಮಂಗನ ಕಾಯಿಲೆ’ ಅಂದರು. ಇವತ್ತು ಡಾಕ್ಟರೂ ಪೇಪರಿನವರೂ ಅದನ್ನೇ ಅನ್ನುತ್ತಾರೆ. ಅದಕ್ಕೆ ಶಕಟರೇಫ ಯಾರೂ ಕೇಳಲಿಲ್ಲ.

ಮಂಡ್ಯ:

ಈ ಜಗಳಕ್ಕೆ ಬೇರೆ ಎಳೆ ಶುರು ಮಾಡ್ರಪ್ಪ. ಪಾಪ ಆಯಮ್ಮಂಗೆ ಶುಕ್ರವಾರ ಕೊಡಬೇಕು.

ಹುಬ್ಬಳ್ಳಿ:

ಕೆಲಸಕ್ಕೆ ಬರುವ ಒಂದು ಮಾತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಯಾವ ಗುಂಪಿಗೆ ಬೀಳುವ ಸಂಭವ ಎಷ್ಟು ಅಂತ ಪತ್ರದಲ್ಲಿ ಹೇಳಲೇಬೇಕು. ಪ್ಲಸೀಬೊ ಇದ್ದರೆ ಅದರಿಂದ ಗುಣವಾಗುವುದಿಲ್ಲ ಅಂತಲೂ ಹೇಳಬೇಕು. ಓದಲು ಬಾರದವರಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಅಂದರೆ ಬಹಳಷ್ಟು ಜನ ಈ ಪತ್ರವನ್ನು ಓದುವುದಿಲ್ಲ, ಕೇಳುತ್ತಾರೆ. “ಇಬ್ಬರಲ್ಲಿ ಒಬ್ಬರಿಗೆ” ಅಂತ ಲೆಕ್ಕ ಹೇಳಿದ ಮೇಲೆ ರಾಂಡಮ್‌ಗೆ ಬೇರೆ ಪದ ಯಾಕೆ ಬೇಕು? ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ಎಡವಿದ ಕಡೆ ತಿದ್ದಿ.

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ಥ್ಯಾಂಕ್ಸ್, ಬೈದವರಿಗೂ ಸೇರಿ. ಡಾಕ್ಟ್ರೇ, ನೋಡಿದೆ. ನಮ್ಮದು ಎರಡನೇ ಥರದ್ದೇ, ಇಬ್ಬರಿಗೂ ನಿಜವಾದ ಔಷಧ ಇದೆ. ಕಳಿಸುತ್ತಿರುವುದು ಹೀಗೆ:

“ನಿಮಗೆ ಹೊಸ ಔಷಧ ಬರುತ್ತದೋ ಈಗಾಗಲೇ ಬಳಕೆಯಲ್ಲಿರುವ ಔಷಧ ಬರುತ್ತದೋ ಎಂದು ನೀವೂ ಆರಿಸುವುದಿಲ್ಲ, ಡಾಕ್ಟರೂ ಆರಿಸುವುದಿಲ್ಲ. ಕಂಪ್ಯೂಟರ್ ಆರಿಸುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಹೊಸದು ಬರುತ್ತದೆ. ಯಾವುದು ಬಂತು ಎಂದು ನಿಮಗೂ ಹೇಳುವುದಿಲ್ಲ, ನಿಮ್ಮ ದೃಷ್ಟಿ ಪರೀಕ್ಷೆ ಮಾಡುವ ಡಾಕ್ಟರಿಗೂ ಹೇಳುವುದಿಲ್ಲ. ಇಂಜೆಕ್ಷನ್ ಕೊಡುವ ಡಾಕ್ಟರಿಗೆ ಮಾತ್ರ ಗೊತ್ತಿರುತ್ತದೆ. ಕೆಲವು ತಿಂಗಳು ಔಷಧವಿಲ್ಲದ ಹುಸಿ ಇಂಜೆಕ್ಷನ್ ಇರಬಹುದು. ಆಗ ಸೂಜಿ ಇಲ್ಲದ ಸಿರಿಂಜನ್ನು ಕಣ್ಣಿನ ಮೇಲೆ ಒತ್ತುತ್ತಾರೆ, ಏನನ್ನೂ ಚುಚ್ಚುವುದಿಲ್ಲ. ಈ ಹುಸಿ ಇಂಜೆಕ್ಷನ್ನಿನಿಂದ ಕಾಯಿಲೆಗೆ ಗುಣವಾಗುವುದಿಲ್ಲ.”

ಶೀರ್ಷಿಕೆಯಲ್ಲಿ ಮಾತ್ರ ಮೂಲದ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಟ್ಟಿದ್ದೇನೆ. ಅದನ್ನು ಕಮಿಟಿಯವರು ಮೂಲದ ಜೊತೆ ತಾಳೆ ನೋಡಲೇಬೇಕು. ‘ಪ್ರಯೋಗ’ ತೆಗೆದಿದ್ದೇನೆ. ‘ಔಷಧಿ’ ಎಲ್ಲ ಕಡೆ ‘ಔಷಧ’ ಆಗಿದೆ ಮೇಷ್ಟ್ರೇ, ನಾನು ಮೊದಲು ಬರೆದದ್ದೂ ಸೇರಿ.

ತುಮಕೂರು:

‘ಹುಸಿ ಇಂಜೆಕ್ಷನ್’ ಅರಿಸಮಾಸ (ಕನ್ನಡದ ಪದಕ್ಕೆ ಬೇರೆ ನುಡಿಯ ಪದ ಬೆಸೆದದ್ದು) ಅಂತ ಮೇಶ್ಟ್ರು ಸುಮ್ಮನಿರುವುದಿಲ್ಲ, ನೋಡಿ.

ಮೇಷ್ಟ್ರು, ಮೈಸೂರು:

ಬಿಡಿಸಿ ಬರೆದಿದ್ದಾರೆ, ಸಮಾಸವೇ ಆಗಿಲ್ಲ. ಪೇಪರಿನಲ್ಲಿ ‘ಹುಸಿ ಬಾಂಬ್’ ದಿನಾ ಓದುತ್ತೀರಲ್ಲ. ನನ್ನ ತಕರಾರು ಬೇರೆ: ‘ಕಾಯಿಲೆಗೆ ಗುಣವಾಗುವುದಿಲ್ಲ’ ಅಲ್ಲ, ‘ಕಾಯಿಲೆ ಗುಣವಾಗುವುದಿಲ್ಲ’. ಕಳಿಸುವ ಮೊದಲು ಆ ‘ಗೆ’ ತೆಗೆಯಿರಿ.