ಹಳ್ಳ ದಾಟಿ ಆಂಬುಲೆನ್ಸ್ ಬರಲು ಅನುದಾನ ಎಲ್ಲಿ ಕೇಳಬೇಕು? ಅನುಭವ ಇದ್ದವರು ಹೇಳಿ

ನಮ್ಮದು ಮಲೆನಾಡಿನ ಸಣ್ಣ ಹಳ್ಳಿ. ಮಳೆಗಾಲ ಶುರುವಾದರೆ 108 ಆಂಬುಲೆನ್ಸ್ ಹಳ್ಳದ ಆಚೆ ದಡದಲ್ಲೇ ನಿಲ್ಲುತ್ತದೆ. ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಕಾಲುಸಂಕ ದಾಟಿಸುತ್ತೇವೆ. ರಸ್ತೆ, ಸೇತುವೆಗೆ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಪಂಚಾಯಿತಿ ಸದಸ್ಯೆಯಾಗಿದ್ದವರು:
ದುಡ್ಡಿನ ಮಾತು ಆಮೇಲೆ. ಮೊದಲು ದಾರಿ ಯಾರ ಹೆಸರಲ್ಲಿದೆ ನೋಡಿ. ಗ್ರಾಮ ನಕಾಶೆ ತೆಗೆಸಿ. ನಕಾಶೆಯಲ್ಲಿ ದಾರಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಇಲ್ಲದಿದ್ದರೆ ಯಾರ ಜಮೀನಿನಲ್ಲಿ ಹಾದುಹೋಗುತ್ತದೋ ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿ. ಬಾಯಿಮಾತು ಸಾಲದು. ಜಾಗ ಬಿಟ್ಟುಕೊಟ್ಟದ್ದು ಕಾಗದದಲ್ಲಿ ಪಂಚಾಯಿತಿ ಹೆಸರಿಗೆ ಬರಬೇಕು. ನಮ್ಮಲ್ಲಿ ಮಂಜೂರಾದ ರಸ್ತೆ ಕೊನೆಯ ತೋಟದ ಬೇಲಿ ಹತ್ತಿರ ನಿಂತುಬಿಟ್ಟಿತು. ಯಜಮಾನರು ಒಪ್ಪಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಒಪ್ಪಲಿಲ್ಲ. ಜೆಲ್ಲಿ ರಾಶಿ ಅಲ್ಲೇ ಹುಲ್ಲು ಬೆಳೆದು ಮುಚ್ಚಿಹೋಯಿತು.

ನಡುವೆ ಕಾಡು ಸಿಕ್ಕರೆ ಕೈಚೆಲ್ಲಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಓದಿ. ಸರ್ಕಾರ ಮಾಡುವ ರಸ್ತೆಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಸಾಕಾದರೆ, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯದಿದ್ದರೆ, ಆ ಜಾಗ ಬಳಸಲು ಒಪ್ಪಿಗೆ ಸಿಗುವ ಅವಕಾಶ ಇದೆ. ಆದರೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ನಡಾವಳಿಯಲ್ಲಿ ಸುಮ್ನೆ "ರಸ್ತೆ ಆಗಬೇಕು" ಅಂತ ಬರೆಸಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ಸರ್ವೆ ನಂಬರ್, ಎಷ್ಟು ಮನೆ, ಎಲ್ಲ ಬರಲಿ.

ಗ್ರಾಮೀಣ ರಸ್ತೆ ಕೆಲಸ ನೋಡಿದ ಇಂಜಿನಿಯರ್:
ಮೇಡಂ ಹೇಳಿದ್ದು ಸರಿ. ಇನ್ನು ಹಣದ ವಿಷಯ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ 2011ರ ಜನಗಣತಿ ಪ್ರಕಾರ ಬಯಲು ಪ್ರದೇಶದ ಜನವಸತಿಗೆ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಿಗೆ 250 ಸಾಕು. ಮಲೆನಾಡಿನಲ್ಲಿ ಎಷ್ಟೇ ಗುಡ್ಡ ಇದ್ದರೂ ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮ ಚದುರಿದ ಮನೆಗಳ ಊರುಗಳು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಇದು ನನಗೆ ತುಂಬಾ ಬೇಸರದ ಸಂಗತಿ, ಯಾಕೆಂದರೆ ಮಳೆಗಾಲದಲ್ಲಿ ಕಷ್ಟ ಪಡುವುದೇ ಇಂಥ ಊರುಗಳು.

ನಿಮ್ಮ ಊರು ಆ ಲೆಕ್ಕಕ್ಕೆ ಬರದಿದ್ದರೆ ಶಾಸಕರ ನಿಧಿ (ವರ್ಷಕ್ಕೆ 2 ಕೋಟಿ ರೂ.), ಸಂಸದರ ನಿಧಿ (5 ಕೋಟಿ ರೂ.) ಕೇಳಿ. ಇಡೀ ಕ್ಷೇತ್ರಕ್ಕೆ ಅಷ್ಟೇ ದುಡ್ಡು, ಆದ್ದರಿಂದ ದೊಡ್ಡ ಸೇತುವೆಗಿಂತ ಸಣ್ಣ ಕೆಲಸಕ್ಕೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಬರೀ ಮನವಿ ಪತ್ರ ಹಿಡಿದು ಹೋಗಬೇಡಿ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಅಂದಾಜು ಪಟ್ಟಿ ಮಾಡಿಸಿ ಜೊತೆಗಿಡಿ. ಮೊತ್ತ ಎಷ್ಟು ಅಂತ ಗೊತ್ತಾದರೆ ತಾನೇ ಅವರು ಶಿಫಾರಸು ಬರೆಯುವುದು. ಮಳೆಗಾಲದಲ್ಲಿ ತೆಗೆದ ಹಳ್ಳದ ಫೋಟೋ ಇರಲಿ. ಬೇಸಿಗೆಯ ಫೋಟೋ ನೋಡಿದವರಿಗೆ ಸೇತುವೆ ಯಾಕೆ ಅನ್ನಿಸುತ್ತದೆ.

ದಕ್ಷಿಣ ಕನ್ನಡದಿಂದ ಒಬ್ಬರು:
ದೊಡ್ಡ ಸೇತುವೆಗೆ ಕಾಯುವ ಬದಲು ತೂಗುಸೇತುವೆ ಯೋಚಿಸಿ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಇಂಥವನ್ನು ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಆಂಬುಲೆನ್ಸ್ ದಾಟುವುದಿಲ್ಲ, ನಿಜ. ಸ್ಟ್ರೆಚರ್ ದಾಟುತ್ತದೆ ಅಲ್ವಾ? ಆಚೆ ದಡದಲ್ಲಿ ಆಂಬುಲೆನ್ಸ್ ತಿರುಗಿಸುವಷ್ಟು ಜಾಗವನ್ನೂ ಅದೇ ಅಂದಾಜು ಪಟ್ಟಿಗೆ ಸೇರಿಸಿ.

ಟ್ರಸ್ಟ್ ನಡೆಸುವವರು:
ಕಂಪನಿಗಳ ಸಿಎಸ್‌ಆರ್ ಹಣವೂ (ಲಾಭದಲ್ಲಿ ಸಮಾಜದ ಕೆಲಸಕ್ಕೆ ಇಡುವ ಪಾಲು) ಇದೆ. ಅದನ್ನು ಯಾವ ಕೆಲಸಕ್ಕೆ ಬಳಸಬಹುದು ಎಂಬ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಗ್ರಾಮೀಣಾಭಿವೃದ್ಧಿ ಸೇರಿದೆ. ಆದರೆ ಊರ ಸಮಿತಿ ಹೆಸರಿಗೆ ಚೆಕ್ ಬರುವುದಿಲ್ಲ. ಸಿಎಸ್‌ಆರ್-1 ನೋಂದಣಿ (ಈ ಹಣದ ಕೆಲಸ ಮಾಡಲು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇರುವ ಟ್ರಸ್ಟ್ ಜೊತೆ ಸೇರಿಕೊಳ್ಳಿ.

ಒಂದು ಮಾತು: ಯಾರಾದರೂ ಆಂಬುಲೆನ್ಸನ್ನೇ ಕೊಡಿಸುತ್ತೇವೆ ಅಂದರೆ ತಕ್ಷಣ ಹೂಂ ಅನ್ನಬೇಡಿ. ಚಾಲಕನ ಸಂಬಳ, ಡೀಸೆಲ್, ವಿಮೆ, ಟಯರ್, ಇವೆಲ್ಲ ಪ್ರತಿ ವರ್ಷದ ಖರ್ಚು. ಅದನ್ನು ಯಾರು ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ತೀರ್ಮಾನ ಆದ ಮೇಲೆ ಗಾಡಿ ತೆಗೆದುಕೊಳ್ಳಿ.