ಕಕ್ಕಡ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲಿ ಮೀನಖಂಡದ ಹೊಸ ಟ್ಯಾಟೂ: ಫಿಲ್ಮ್ ಸೋರಿದೆ, ಸೋಮವಾರ ತೋಟದ ಕೆಲಸ ಉಂಟು

ಕಾಫಿಗಿಡ_ಸೋಮವಾರಪೇಟೆ:
ನಮಸ್ಕಾರ. ಬಲಗಾಲಿನ ಮೀನಖಂಡದ ಹೊರಬದಿಗೆ ಟ್ಯಾಟೂ ಹಾಕಿಸಿ ಇವತ್ತಿಗೆ ಮೂರನೇ ದಿನ. ಅಂಗೈ ಅಗಲ ಇದೆ, ಕಪ್ಪು ಮಸಿ ಮಾತ್ರ. ಅರ್ಧ ಭಾಗ ಗಾಢವಾಗಿ ತುಂಬಿದ್ದು, ಉಳಿದದ್ದು ಗೆರೆ. ಮೇಲೆ ಪಾರದರ್ಶಕ ಅಂಟು ಫಿಲ್ಮ್ ಹಾಕಿ ಐದು ದಿನ ಬಿಡಿ ಎಂದಿದ್ದರು. ನಿನ್ನೆ ರಾತ್ರಿಯಿಂದ ಒಳಗೆ ಕಪ್ಪು ನೀರು ನಿಂತಿದೆ, ಕೆಳಗಿನ ಅಂಚು ಎದ್ದು ಸೋರುತ್ತಿದೆ. ತೆಗೆಯಬೇಕಾ, ಐದು ದಿನ ಕಾಯಬೇಕಾ? ಮನೆಯಲ್ಲಿ ಅರಿಶಿನ ಕಲಸಿದ ತೆಂಗಿನೆಣ್ಣೆ ಹಚ್ಚು ಅಂತಾರೆ. ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬಿನ ಮೇಲೆ ಬೀಟಾಮೆಥಸೋನ್, ನಿಯೋಮೈಸಿನ್, ಕ್ಲೋಟ್ರಿಮಝೋಲ್ ಅಂತ ಮೂರು ಹೆಸರಿವೆ. ಸೋಮವಾರದಿಂದ ಗಂಬೂಟು, ಜಿಗಣೆ, ಮಳೆ ಬಿಡುವು ಕೊಟ್ಟರೆ ಬೋರ್ಡೋ (ಶಿಲೀಂಧ್ರನಾಶಕ) ಸ್ಪ್ರೇ. ಗೊತ್ತಿರುವವರು ಹೇಳಿ.

ಸೂಜಿಮಸಿ_ಮಡಿಕೇರಿ:
ಇವತ್ತೇ ತೆಗೆಯಿರಿ. ಐದು ದಿನ ಅನ್ನುವುದು ಅಂಚು ನಾಲ್ಕೂ ಕಡೆ ಗಟ್ಟಿಯಾಗಿ ಅಂಟಿಕೊಂಡಿದ್ದಾಗ ಮಾತ್ರ. ಒಳಗಿನ ಕಪ್ಪು ನೀರಿನಿಂದ ಹೆದರಬೇಡಿ, ಅದು ಗಾಯದ ರಸದ ಜೊತೆ ಬಂದ ಹೆಚ್ಚುವರಿ ಮಸಿ. ತುಂಬಿದ ಕೆಲಸದಲ್ಲಿ ಅದು ಜಾಸ್ತಿ ಬರುತ್ತದೆ. ತೊಂದರೆ ಇರುವುದು ಎದ್ದ ಅಂಚಿನಲ್ಲಿ. ನೀರು ಹೊರಬರುವ ದಾರಿಯಲ್ಲೇ ಕೊಳೆ ಒಳಗೆ ಹೋಗುತ್ತದೆ, ಒಳಗಡೆ ಬೆಚ್ಚಗೆ ಒದ್ದೆಯಾಗಿ ಅದು ಬೆಳೆಯುತ್ತದೆ. ಮೇಲಿಂದ ಇನ್ನೊಂದು ತುಂಡು ಅಂಟಿಸಿ ತೇಪೆ ಹಾಕಬೇಡಿ.

ಮೊದಲು ಕೈ ತೊಳೆಯಿರಿ. ಫಿಲ್ಮ್ ಮೇಲೆ ಒಂದೆರಡು ನಿಮಿಷ ಉಗುರುಬೆಚ್ಚಗಿನ ನೀರು ಬಿಡಿ. ಬ್ಯಾಂಡೇಜ್ ಕೀಳುವ ಹಾಗೆ ಮೇಲಕ್ಕೆ ಎಳೆದರೆ ಹಸಿ ಚರ್ಮವೂ ಜೊತೆಗೆ ಬರುತ್ತದೆ. ಒಂದು ಮೂಲೆ ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ರಬ್ಬರ್ ಎಳೆದಂತೆ ಹಿಗ್ಗಿಸಿ. ಅಂಟು ತಾನಾಗಿ ಬಿಡುತ್ತಾ ಹೋಗುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಬಿಟ್ಟ ಜಾಗದ ಚರ್ಮವನ್ನು ಒತ್ತಿ ಹಿಡಿದಿರಿ. ಕೂದಲು ಬೆಳೆದಿರುವ ದಿಕ್ಕಿಗೇ ಎಳೆದರೆ ನೋವು ಕಡಿಮೆ.

ಆಮೇಲೆ ಪರಿಮಳವಿಲ್ಲದ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿ, ಬೆರಳ ತುದಿಯಿಂದ ಮೆತ್ತಗೆ ಸವರಿ. ಸ್ಕ್ರಬ್ಬರ್, ತೆಂಗಿನ ನಾರು ಯಾವುದೂ ಬೇಡ. ಜಿಗುಟು ಹೋಗುವವರೆಗೆ ತೊಳೆಯಿರಿ. ಜಿಗುಟು ಉಳಿದರೆ ಅದೇ ಒಣಗಿ ದಪ್ಪ ಹೊಪ್ಪಳೆ (ಹಕ್ಕಳೆ) ಆಗುತ್ತದೆ, ದಪ್ಪ ಹೊಪ್ಪಳೆ ಕಿತ್ತು ಬಂದಾಗ ಅಡಿಯ ಮಸಿಯೂ ಬರುತ್ತದೆ. ದಿನಕ್ಕೆ ಎರಡು ಸಲ ತೊಳೆದರೆ ಸಾಕು, ಕೆಸರು ಅಥವಾ ಬೆವರು ತಾಗಿದರೆ ಇನ್ನೊಂದು ಸಲ. ತೋಡು, ಕೊಳವೆಯ ನೀರು ಈಗ ಕೆಂಪಗೆ ಬರುತ್ತಿದ್ದರೆ ಮೊದಲ ವಾರ ಕುದಿಸಿ ಆರಿಸಿದ ನೀರನ್ನೇ ಬಳಸಿ. ಹಂಡೆಯ ಸುಡುನೀರು ಕಾಲಿಗೆ ಬೀಳದಂತೆ ನೋಡಿಕೊಳ್ಳಿ.

ಟವೆಲ್ ಬೇಡ, ಟಿಶ್ಯೂ ಪೇಪರಿನಿಂದ ಒತ್ತಿ ನೀರು ತೆಗೆದು, ಹತ್ತು ಹದಿನೈದು ನಿಮಿಷ ಗಾಳಿಗೆ ಬಿಡಿ. ನಮ್ಮ ಕಡೆಯವರು ತಪ್ಪುವುದು ಇಲ್ಲೇ. ದಿನಕ್ಕೆ ಐದಾರು ಸಲ ಲೋಷನ್ ಹಚ್ಚಿ ಅನ್ನುವ ವಿಡಿಯೋಗಳು ಒಣ ಹವೆಯ ಊರಿನವು. ಕಕ್ಕಡದಲ್ಲಿ ಇಲ್ಲಿ ಗಾಳಿಯೇ ಒದ್ದೆ. ಪದರ ದಪ್ಪವಾದರೆ ಗದ್ದೆ ನಾಟಿಯಲ್ಲಿ ನೆನೆದ ಪಾದದ ಹಾಗೆ ಚರ್ಮ ಬಿಳಿಚಿ ಸುಕ್ಕುಗಟ್ಟುತ್ತದೆ, ಹೊಪ್ಪಳೆ ಮೆತ್ತಗಾಗಿ ಬಟ್ಟೆಗೆ ಅಂಟುತ್ತದೆ. ಅಂಗೈ ಅಗಲಕ್ಕೆ ಒಂದು ಬಟಾಣಿ ಗಾತ್ರದ ಪರಿಮಳವಿಲ್ಲದ ಲೋಷನ್ ಧಾರಾಳ. ಹಚ್ಚಿದ ಮೇಲೆ ಹೊಳೆಯುತ್ತಿದ್ದರೆ ಜಾಸ್ತಿಯಾಯಿತು ಅಂತ ಅರ್ಥ, ಟಿಶ್ಯೂನಿಂದ ಒತ್ತಿ ತೆಗೆಯಿರಿ. ಪೆಟ್ರೋಲಿಯಂ ಜೆಲ್ಲಿ ಈ ಹವೆಗೆ ತುಂಬಾ ಭಾರ.

ನಾಲ್ಕೈದನೇ ದಿನದಿಂದ ಎರಡನೇ ವಾರದ ಕೊನೆವರೆಗೆ ಬೂದಿ ಬಣ್ಣದ ಸಿಪ್ಪೆ ಏಳುತ್ತದೆ, ಕಡಿತವೂ ಜೋರು. ಕೆರೆಯಬೇಡಿ, ಸಿಪ್ಪೆ ಎಳೆಯಬೇಡಿ. ಅಂಗೈಯಿಂದ ತಟ್ಟಿ, ಇಲ್ಲವೇ ತಣ್ಣನೆ ಒದ್ದೆ ಬಟ್ಟೆ ಒಂದು ನಿಮಿಷ ಇಟ್ಟು ಒಣಗಿಸಿ.

ಡ್ರೆಸ್ಸಿಂಗ್_ಟೇಬಲ್ (ನರ್ಸ್):
ಆ ಟ್ಯೂಬನ್ನು ಪಕ್ಕಕ್ಕಿಡಿ. ಬೀಟಾಮೆಥಸೋನ್ ಸ್ಟಿರಾಯ್ಡ್. ಕೆಂಪು, ಕಡಿತ ಬೇಗ ಇಳಿಯುತ್ತದೆ, ಅದಕ್ಕೇ ಒಳ್ಳೆ ಔಷಧಿ ಅನಿಸುತ್ತದೆ. ಆದರೆ ಗಾಯ ಕೂಡುವುದನ್ನು ಅದು ನಿಧಾನ ಮಾಡುತ್ತದೆ, ಸೋಂಕಿದ್ದರೆ ಕಾಣದಂತೆ ಮುಚ್ಚಿಡುತ್ತದೆ. ನಿಯೋಮೈಸಿನ್‌ಗೆ ಅಲರ್ಜಿ ಆಗುವವರು ಕಡಿಮೆ ಏನಿಲ್ಲ. ಹಾಗಾದಾಗ ಸಣ್ಣ ಗುಳ್ಳೆ ಎದ್ದು ನೀರಾಡುತ್ತದೆ, ಮಸಿಯೇ ಆಗಿಬರಲಿಲ್ಲ ಅಂತ ಜನ ತಪ್ಪು ತಿಳಿಯುತ್ತಾರೆ.

ಅರಿಶಿನದ ಬಗ್ಗೆ ಅಮ್ಮನ ಹತ್ತಿರ ಜಗಳ ಬೇಡ, ಆದರೆ ತೆರೆದ ಗಾಯಕ್ಕೆ ಅಡುಗೆಮನೆ ಡಬ್ಬಿಯ ಪುಡಿ ಬೇಡವೇ ಬೇಡ. ಅದು ಕ್ರಿಮಿಶುದ್ಧವಾದ ವಸ್ತುವಲ್ಲ, ಕಣಗಳು ಹೊಪ್ಪಳೆಯೊಳಗೆ ಸಿಕ್ಕಿಕೊಳ್ಳುತ್ತವೆ. ಮೇಲೆ ಹಳದಿ ಬಣ್ಣ ಕೂತರೆ ಕೀವಿದೆಯಾ, ಅರಿಶಿನವಾ ಅಂತ ಡಾಕ್ಟರಿಗೂ ತಿಳಿಯುವುದು ಕಷ್ಟ. ತೆಂಗಿನೆಣ್ಣೆ ಈ ಸೆಕೆ-ಒದ್ದೆಯಲ್ಲಿ ಕೂದಲಿನ ಬುಡ ಮುಚ್ಚಿ ಮೊಡವೆಯಂಥ ಗುಳ್ಳೆ ಎಬ್ಬಿಸುತ್ತದೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬರುತ್ತಿರುವ ಚರ್ಮವನ್ನೇ ಸುಡುತ್ತವೆ.

ಮೊದಲ ಎರಡು ಮೂರು ದಿನ ಕೆಂಪು, ಊತ, ಮುಟ್ಟಿದರೆ ಬಿಸಿ ಇರುವುದು ಸಹಜ. ದಿನದಿಂದ ದಿನಕ್ಕೆ ಅದು ಇಳಿಯಬೇಕು. ಇವತ್ತು ಕೆಂಪಿನ ಅಂಚಿಗೆ, ಟ್ಯಾಟೂ ಆಚೆಯ ಚರ್ಮದ ಮೇಲೆ, ಬಾಲ್ ಪೆನ್ನಿನಿಂದ ಗುರುತು ಹಾಕಿ. ನಾಳೆ ಕೆಂಪು ಆ ಗೆರೆ ದಾಟಿದ್ದರೆ, ಕೀವು ಬಂದರೆ, ಕಾಲಿನ ಮೇಲ್ಗಡೆಗೆ ಕೆಂಪು ಗೆರೆ ಏರಿದರೆ, ತೊಡೆಸಂದಿಯಲ್ಲಿ ಗಂಟು ನೋವು ಅಥವಾ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಇಷ್ಟಕ್ಕೂ ಕಾಯಬೇಡಿ. ಎಲ್ಲ ಮಾಗಿತು ಅನ್ನುವಾಗ, ಒಂದರಿಂದ ಮೂರು ವಾರದ ಹೊತ್ತಿಗೆ, ಮಸಿ ಇರುವ ಜಾಗದಲ್ಲೇ ಗಟ್ಟಿ ಕೆಂಪು ಗುಳ್ಳೆಗಳು ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಲ್ಲಿ ನೀರಲ್ಲಿ ಮಸಿ ತೆಳು ಮಾಡಿದ್ದರೆ ಬರುವ ಒಂದು ಜಾತಿ ಬ್ಯಾಕ್ಟೀರಿಯಾ ಹಾಗೆ ತಡವಾಗಿ ಕಾಣಿಸಿಕೊಳ್ಳುತ್ತದೆ, ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತಲೂ ನೋಡಿಕೊಳ್ಳಿ, ಕೆಸರಿನ ಕೆಲಸ ನಿಮ್ಮದು.

ಮೆಣಸುಬಳ್ಳಿ_ಗೋಣಿಕೊಪ್ಪ:
ಸೋಮವಾರ ಅಂದರೆ ಆರನೇ ದಿನವೋ ಏನೋ. ಆಗುವುದಾದರೆ ಸಿಪ್ಪೆ ಏಳುವುದು ಮುಗಿಯುವವರೆಗೆ, ಎರಡು ವಾರ, ಸ್ಟೋರು, ನರ್ಸರಿ ಶೆಡ್ಡು ಇಂಥ ಒಣ ಕೆಲಸ ಕೇಳಿಕೊಳ್ಳಿ. ಗಂಬೂಟಿನ ಬಾಯಿ ಸರಿಯಾಗಿ ಮೀನಖಂಡದ ಮೇಲೇ ಬರುತ್ತದೆ. ಇಳಿಜಾರಿನಲ್ಲಿ ಹತ್ತಿ ಇಳಿಯುವಾಗ ಹೆಜ್ಜೆಹೆಜ್ಜೆಗೂ ಆ ಅಂಚು ಉಜ್ಜುತ್ತದೆ.

ಹೋಗಲೇಬೇಕಾದರೆ: ಒಣಗಿದ ಟ್ಯಾಟೂ ಮೇಲೆ ಅಂಟಿಕೊಳ್ಳದ ಗಾಜ್ ಪ್ಯಾಡ್, ಪೇಪರ್ ಟೇಪು ಮಾತ್ರ ಟ್ಯಾಟೂ ಇಲ್ಲದ ಚರ್ಮದ ಮೇಲೆ. ಅದರ ಮೇಲೆ ಮೊಣಕಾಲವರೆಗಿನ ಹತ್ತಿ ಸಾಕ್ಸು. ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಒಯ್ದು ಮಧ್ಯಾಹ್ನ ಊಟದ ಹೊತ್ತಿಗೆ ಪ್ಯಾಡು, ಸಾಕ್ಸು ಎರಡೂ ಬದಲಿಸಿ. ಸಾಕ್ಸು ಒಲೆ ಮೇಲೆ ಹೊಗೆಗೆ ಒಣಗಿದ್ದರೆ ಸಾಲದು, ಒಳಮಗ್ಗುಲು ತಿರುಗಿಸಿ ಬಿಸಿ ಇಸ್ತ್ರಿ ಹಾಕಿ. ಹಾಸಿಗೆ ಬಟ್ಟೆಗೂ ಅದೇ. ಬೂಷ್ಟು ವಾಸನೆ ಬಂದ ಬಟ್ಟೆ ಆ ಕಾಲಿಗೆ ತಾಗಬಾರದು.

ಜಿಗಣೆಗೆ ಅಂತ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಕಾಲಿಗೆ ಬಳಿಯುವ ಅಭ್ಯಾಸ ಈ ಒಂದು ತಿಂಗಳು ನಿಲ್ಲಿಸಿ. ಬೇಕಿದ್ದರೆ ಬೂಟಿನ ಹೊರಮೈಗೆ ಬಳಿಯಿರಿ. ಟ್ಯಾಟೂ ಮೇಲೇ ಕಚ್ಚಿದ್ದರೆ ಉಪ್ಪು ಹಾಕುವುದು, ಬೀಡಿ ಬೆಂಕಿ ತಾಗಿಸುವುದು ಮಾಡಬೇಡಿ. ಜಿಗಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ, ಅದರ ಕರುಳಿನ ಬ್ಯಾಕ್ಟೀರಿಯಾದಿಂದ ಕೀವಾಗುತ್ತದೆ. ಸಪೂರ ತುದಿ ಬಾಯಿ. ಅದರ ಪಕ್ಕ ಉಗುರು ಚಪ್ಪಟೆಯಾಗಿ ಇಟ್ಟು ಬದಿಗೆ ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡಿರುವುದರಿಂದ ಗಂಟೆಗಟ್ಟಲೆ ಜಿನುಗಬಹುದು. ತೊಳೆದು ಗಾಜ್ ಒತ್ತಿ ಹಿಡಿಯಿರಿ, ಕಾಫಿಪುಡಿ ಮೆತ್ತಬೇಡಿ.

ಬೋರ್ಡೋ ಕೆಲಸ ಬಿಲ್‌ಕುಲ್ ಬೇಡ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿದ ದ್ರಾವಣ ಬೂಟಿನೊಳಗೆ ಇಳಿದರೆ ಸಂಜೆವರೆಗೂ ಹಸಿ ಚರ್ಮದ ಮೇಲೇ ಕೂತಿರುತ್ತದೆ. ನಾಲ್ಕು ವಾರ ಕಳೆಯಲಿ. ತಪ್ಪಿ ಸಿಡಿದರೆ ಬೂಟು ಕಳಚಿ ಹದಿನೈದು ನಿಮಿಷ ಹರಿಯುವ ನೀರು ಬಿಡಿ, ಉಜ್ಜಬೇಡಿ.

ಕಾಫಿಗಿಡ_ಸೋಮವಾರಪೇಟೆ:
ತುಂಬಾ ಉಪಕಾರ ಆಯಿತು. ಫಿಲ್ಮ್ ತೆಗೆದು ತೊಳೆದೆ. ಕೆಂಪು ಇಳಿದಿದೆ, ವಾಸನೆ ಇಲ್ಲ, ಪೆನ್ ಗುರುತೂ ಹಾಕಿದ್ದೇನೆ. ತುಂಬಿದ ಭಾಗದಲ್ಲಿ ಎರಡು ಕಡೆ ಬಣ್ಣ ಮಂಕಾಗಿ ಕಾಣುತ್ತಿದೆ. ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಒಳಗೆ ಟಚಪ್ ಮಾಡಿಸಬಹುದಾ? ಹೊಳೆ ಸ್ನಾನ ಯಾವಾಗಿನಿಂದ?

ಸೂಜಿಮಸಿ_ಮಡಿಕೇರಿ:
ಈಗಲೇ ಮಂಕು ಅಂತ ತೀರ್ಮಾನ ಮಾಡಬೇಡಿ. ಸಿಪ್ಪೆ ಹೋದ ಮೇಲೂ ಕೆಲವು ವಾರ ಮೇಲೆ ಹಾಲಿನ ಕೆನೆಯಂಥ ಪೊರೆ ಇರುತ್ತದೆ, ಅದು ತಿಳಿಯಾದ ಮೇಲೆ ಕಪ್ಪು ಮರಳಿ ಕಾಣುತ್ತದೆ. ಮೇಲ್ಚರ್ಮ ಕೂಡುವುದಕ್ಕೆ ಎರಡರಿಂದ ನಾಲ್ಕು ವಾರ, ಒಳಪದರ ಗಟ್ಟಿಯಾಗಲು ಎರಡು ಮೂರು ತಿಂಗಳು. ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರವೇ ಬರುವುದರಿಂದ ಟಚಪ್‌ಗೆ ಅವಸರವಾಯಿತು, ಪುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಹೊತ್ತಿಗೆ ಇಟ್ಟುಕೊಳ್ಳಿ. ಹೊಳೆ, ಕೆರೆ, ಈಜು ಎಲ್ಲ ನಾಲ್ಕು ವಾರ ಆದ ಮೇಲೆ, ಅದೂ ಒಂದೂ ಹೊಪ್ಪಳೆ ಉಳಿದಿಲ್ಲದಿದ್ದರೆ ಮಾತ್ರ. ಬಿಸಿಲು ಬಂದಾಗ ಪ್ಯಾಂಟಿನಿಂದ ಮುಚ್ಚಿ. ಸನ್‌ಸ್ಕ್ರೀನ್ ಪೂರ್ತಿ ಮಾಗಿದ ಮೇಲೆ, ಎಸ್‌ಪಿಎಫ್ 30 ಅಥವಾ ಮೇಲಿನದು.

ಡ್ರೆಸ್ಸಿಂಗ್_ಟೇಬಲ್ (ನರ್ಸ್):
ಒಂದು ಬಿಟ್ಟುಹೋಗಿತ್ತು. ರಕ್ತದಾನ ಮಾಡುವವರಾದರೆ ಟ್ಯಾಟೂ ಹಾಕಿಸಿದ ದಿನದಿಂದ 12 ತಿಂಗಳು ಕೊಡುವಂತಿಲ್ಲ. ಟಚಪ್ ಮಾಡಿಸಿದರೆ ಆ ದಿನದಿಂದ ಮತ್ತೆ ಎಣಿಸಬೇಕು.