ಲೋಡ್ ರನ್ನರ್ ಆಟದಲ್ಲಿ ಜಿಗಿಯುವ ಬಟನ್ ಯಾವುದು?

ಭದ್ರಾವತಿ_ಹುಡುಗ:

ಹಳೆಯ ಆಟಗಳ ಗೀಳು ಇತ್ತೀಚೆಗೆ ಹತ್ತಿಕೊಂಡಿದೆ. ಮಾರಿಯೋ ಆಡಿ ಸಾಕಾಗಿದೆ ಎಂದಾಗ ಗೆಳೆಯನೊಬ್ಬ ಲೋಡ್ ರನ್ನರ್ ಆಡಿ ನೋಡು ಎಂದ. ಬ್ರೌಸರ್‌ನಲ್ಲೇ ಆಡುವ ಆವೃತ್ತಿ ಸಿಕ್ಕಿತು. ನಾವು ಓಡಿಸುವ ಓಟಗಾರ ಕಾವಲುಗಾರರ ಕೈಗೆ ಸಿಗದೆ ಹಂತದಲ್ಲಿರುವ ಚಿನ್ನವನ್ನೆಲ್ಲ ಎತ್ತಿಕೊಳ್ಳಬೇಕು, ಆಗ ಮೂಡುವ ಏಣಿ ಹತ್ತಿ ಮೇಲಕ್ಕೆ ಹೋದರೆ ಹಂತ ಮುಗಿಯುತ್ತದೆ. ನೆಲದ ಇಟ್ಟಿಗೆ ಅಗೆದು ಗುಂಡಿ ತೋಡಬಹುದು, ಸ್ವಲ್ಪ ಹೊತ್ತಿಗೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಬಾಣದ ಗುರುತಿನ ಕೀಲಿಗಳಿಂದ ಓಡಾಟ. ಝಡ್ ಒತ್ತಿದರೆ ಎಡಗಡೆಯ ಇಟ್ಟಿಗೆ ಅಗೆಯುತ್ತಾನೆ, ಎಕ್ಸ್ ಒತ್ತಿದರೆ ಬಲಗಡೆಯದು. ಇಷ್ಟು ಗೊತ್ತಾಯಿತು. ಜಿಗಿಯುವುದಕ್ಕೆ ಮಾತ್ರ ಯಾವ ಕೀಲಿಯೂ ಸಿಗುತ್ತಿಲ್ಲ.

ಇನ್ನೂ ಮೂರು ತೊಂದರೆಗಳಿವೆ. ಇಬ್ಬರು ಕಾವಲುಗಾರರು ಒಟ್ಟಿಗೆ ಬಂದಾಗ ಗುಂಡಿ ತೋಡಿ ಒಬ್ಬನನ್ನು ಕೆಡವುತ್ತೇನೆ, ಇನ್ನೊಬ್ಬ ಅವನ ತಲೆಯ ಮೇಲೆ ನಡೆದು ಬಂದು ನನ್ನನ್ನು ಹಿಡಿಯುತ್ತಾನೆ. ಒಂದು ಹಂತದಲ್ಲಿ ಪರದೆಯ ಮೇಲೆ ಚಿನ್ನವೇ ಉಳಿದಿಲ್ಲ, ಆದರೂ ಮೇಲಕ್ಕೆ ಹೋಗುವ ಏಣಿ ಕಾಣಿಸಿಕೊಳ್ಳಲಿಲ್ಲ. ಆಟವೇ ಕೆಟ್ಟಿದೆಯೇ? ಕೊನೆಯದಾಗಿ, ಮೂರು ಪದರ ಇಟ್ಟಿಗೆಯ ಕೆಳಗೆ ಚಿನ್ನವಿದ್ದರೆ ಇಳಿಯುವುದು ಹೇಗೆ? ನಾನು ಒಂದು ಇಟ್ಟಿಗೆ ತೆಗೆದು ಒಳಗೆ ಇಳಿಯುತ್ತೇನೆ. ಅಲ್ಲಿಂದ ಮುಂದೆ ಏನು ಒತ್ತಿದರೂ ಅಗೆಯುವುದಿಲ್ಲ. ಗುಂಡಿ ಮುಚ್ಚಿಕೊಳ್ಳುತ್ತದೆ, ಸಾಯುತ್ತೇನೆ.

ಸೊನ್ನೆ_ಒಂದು:

ಜಿಗಿಯುವ ಬಟನ್ ಇಲ್ಲ. ಈ ಆಟದಲ್ಲಿ ಜಿಗಿತವೇ ಇಲ್ಲ. ಓಡಬಹುದು, ಏಣಿ ಹತ್ತಬಹುದು, ಕಂಬಿಗೆ ಜೋತುಬಿದ್ದು ಸಾಗಬಹುದು, ಅಗೆಯಬಹುದು, ಬೀಳಬಹುದು. ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ.

ಇದನ್ನು ಬರೆದವರು ಡಗ್ಲಾಸ್ ಸ್ಮಿತ್. ಆಗ ಅವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಬ್ರೋಡರ್‌ಬಂಡ್ ಎಂಬ ಕಂಪನಿ 1983ರಲ್ಲಿ ಪ್ರಕಟಿಸಿತು. ಆಪಲ್ ಟೂ ಕಂಪ್ಯೂಟರಿನ ಆವೃತ್ತಿಯಲ್ಲಿ 150 ಹಂತಗಳಿದ್ದವು. ಅದರ ಕೀಬೋರ್ಡಿನಲ್ಲಿ ಐ, ಜೆ, ಕೆ, ಎಲ್ ಕೀಲಿಗಳಿಂದ ಓಡಾಟ, ಯು ಮತ್ತು ಓ ಕೀಲಿಗಳಿಂದ ಅಗೆತ. ಕೀಲಿಯಿಂದ ಬೆರಳು ಎತ್ತಿದರೂ ಓಟಗಾರ ನಿಲ್ಲುತ್ತಿರಲಿಲ್ಲ, ಇನ್ನೊಂದು ಕೀಲಿ ಒತ್ತುವವರೆಗೆ ಓಡುತ್ತಲೇ ಇರುತ್ತಿದ್ದ. ನಿಮ್ಮ ಬ್ರೌಸರ್ ಆವೃತ್ತಿ ಅದಕ್ಕಿಂತ ಎಷ್ಟೋ ಸಲೀಸು.

ಆರಂಭದಲ್ಲಿ ಐದು ಜೀವ, ಹಂತ ಮುಗಿಸಿದಾಗಲೆಲ್ಲ ಇನ್ನೊಂದು ಸೇರುತ್ತದೆ. ಪ್ರತಿಯೊಂದು ಹಂತಕ್ಕೂ ಯೂಟ್ಯೂಬಿನಲ್ಲಿ ವಿಡಿಯೋ ಇದೆ. ನೋಡಿಕೊಂಡು ಹಾಗೆಯೇ ಆಡಿದರೆ ಆಯಿತು.

ಕ್ಯಾಸೆಟ್_ಅಂಗಡಿ:

ವಿಡಿಯೋ ನೋಡಿ ಆಡುವುದಾದರೆ ಆಡುವುದೇಕೆ? ಸೊನ್ನೆ ಒಂದು ಅವರ ಉಳಿದ ಮಾತೆಲ್ಲ ಸರಿ, ಆ ಕೊನೆಯ ಸಲಹೆಯನ್ನು ಮಾತ್ರ ಕೇಳಬೇಡಿ.

ಸಾಗರದಲ್ಲಿ ನಮ್ಮದೊಂದು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಮನೆಮನೆಗೆ ಕೇಬಲ್ ಬಂದ ಮೇಲೆ ಸಿನಿಮಾ ಕ್ಯಾಸೆಟ್ ಕೇಳುವವರು ಕಡಿಮೆಯಾದರು. ಆಗ ನಮ್ಮ ಯಜಮಾನರು ಟಿವಿ ಗೇಮ್ ತಂದಿಟ್ಟರು, ಗಂಟೆ ಲೆಕ್ಕದ ಬಾಡಿಗೆಗೆ. ಗಲ್ಲಾದಲ್ಲಿ ಕೂರುವವಳು ನಾನು. ಗೇಮ್ ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳೆಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದುದು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಅವುಗಳಲ್ಲಿ ಲೋಡ್ ರನ್ನರ್ ಒಂದು. ಜಪಾನಿನ ಹಡ್ಸನ್ ಸಾಫ್ಟ್ ಕಂಪನಿ 1984ರಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ಮಾಡಿದ ಆವೃತ್ತಿ ಅದು, 50 ಹಂತಗಳದ್ದು. ಹುಡುಗರು ಗುಂಡು ಹಾರಿಸುವ ಆಟಕ್ಕೆ ಮುಗಿಬೀಳುತ್ತಿದ್ದರು. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ನಾನು ಇದನ್ನು ಆಡುತ್ತಿದ್ದೆ. ಈಗಲೂ ಆಡುತ್ತೇನೆ, ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ.

ಅಲ್ಲಿ ಸೋಲುತ್ತಿದ್ದ ಹುಡುಗರೆಲ್ಲ ಒಂದೇ ರೀತಿ ಸೋಲುತ್ತಿದ್ದರು. ಆಟ ಶುರುವಾದ ಕೂಡಲೇ ಓಟ. ಹತ್ತಿರದ ಚಿನ್ನ, ಅದರ ಪಕ್ಕದ ಚಿನ್ನ, ಹಿಂದಿನಿಂದ ಕಾವಲುಗಾರ ಬಂದ ಎಂದು ಇನ್ನೊಂದು ದಿಕ್ಕಿಗೆ ಓಟ. ಇದು ತಪ್ಪಿಸಿಕೊಳ್ಳುವ ಆಟವಲ್ಲ, ಬರಮಾಡಿಕೊಳ್ಳುವ ಆಟ. ಕಾವಲುಗಾರ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ನೀವು ನಿಂತಿರುವ ಜಾಗವನ್ನು ನೋಡಿ. ನೀವು ಒಂದು ಅಂತಸ್ತು ಇಳಿದರೆ ಅವನು ಅಷ್ಟು ದೂರ ಹತ್ತಿದ ಏಣಿಯನ್ನು ಬಿಟ್ಟು ತಿರುಗುತ್ತಾನೆ. ನಿಮಗಿಂತ ನಿಧಾನವಾಗಿ ಓಡುತ್ತಾನೆ, ಅಗೆಯಲು ಅವನಿಗೆ ಬರುವುದಿಲ್ಲ. ಅಂದ ಮೇಲೆ ಅವನನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ನಿಮ್ಮ ಕೈಯಲ್ಲೇ ಇದೆ. ನಮ್ಮ ಟಿವಿಯಲ್ಲಿ ಹಂತದ ಒಂದು ಭಾಗ ಮಾತ್ರ ಕಾಣುತ್ತಿತ್ತು, ಓಡಿದಂತೆ ಪರದೆ ಪಕ್ಕಕ್ಕೆ ಸರಿಯುತ್ತಿತ್ತು. ನಿಮ್ಮದರಲ್ಲಿ ಅಡ್ಡ 28, ಉದ್ದ 16 ಮನೆಗಳೂ ಒಟ್ಟಿಗೆ ಕಾಣುತ್ತವೆ. ಆ ಅನುಕೂಲವನ್ನು ಯಾಕೆ ಹಾಳುಮಾಡುತ್ತೀರಿ?

ಇನ್ನು ನಿಮ್ಮ ಪ್ರಶ್ನೆಗಳು.

ಇಬ್ಬರು ಬಂದರೆ ಎರಡು ಗುಂಡಿ. ಬಲಗಡೆಯಿಂದ ಬರುತ್ತಿದ್ದಾರೆ ಎನ್ನಿ. ಎಕ್ಸ್ ಒತ್ತಿ ಒಂದನ್ನು ತೆಗೆಯಿರಿ, ಒಂದು ಮನೆ ಎಡಕ್ಕೆ ಸರಿಯಿರಿ, ಮತ್ತೆ ಎಕ್ಸ್ ಒತ್ತಿ. ನೀವು ಮೊದಲು ನಿಂತಿದ್ದ ಇಟ್ಟಿಗೆಯೇ ಎರಡನೆಯ ಗುಂಡಿಯಾಗುತ್ತದೆ. ಮೊದಲನೆಯವನು ಅತ್ತ ಬೀಳುತ್ತಾನೆ, ಅವನ ತಲೆ ತುಳಿದುಕೊಂಡು ಬಂದವನು ಇತ್ತ ಬೀಳುತ್ತಾನೆ. ಆಮೇಲೆ ಇಬ್ಬರ ತಲೆಯ ಮೇಲೂ ನೀವು ನಡೆದುಹೋಗಬಹುದು. ಆದರೆ ಕಾವಲುಗಾರ ಪಕ್ಕದ ಮನೆಗೇ ಬಂದು ನಿಂತ ಮೇಲೆ ಕೀಲಿ ಕುಟ್ಟಿ ಪ್ರಯೋಜನವಿಲ್ಲ. ಯಾವ ಇಟ್ಟಿಗೆಯನ್ನು ಅಗೆಯುತ್ತೀರೋ ಅದರ ಮೇಲಿನ ಮನೆ ಬರಿದಾಗಿರಬೇಕು. ಅಲ್ಲಿ ಕಾವಲುಗಾರ ಇದ್ದರೂ, ಏಣಿ ಇದ್ದರೂ, ಚಿನ್ನ ಇದ್ದರೂ ಅಗೆತ ನಡೆಯುವುದಿಲ್ಲ. ಈ ಒಂದು ನಿಯಮ ಗೊತ್ತಿಲ್ಲದೆ ನಮ್ಮ ಅಂಗಡಿಯ ಹುಡುಗರು ಎಷ್ಟು ಬಟನ್‌ಗಳನ್ನು ಒತ್ತಿ ಒತ್ತಿ ಹಾಳುಮಾಡಿದರೋ! ರಿಮೋಟಿನ ದುರಸ್ತಿಗೆ ದುಡ್ಡು ಕೊಟ್ಟವಳು ನಾನು.

ಚಿನ್ನ ಕಾಣದಿದ್ದರೆ ಆಟ ಕೆಟ್ಟಿಲ್ಲ, ಕಾವಲುಗಾರನ ಬಳಿ ಇದೆ. ದಾರಿಯಲ್ಲಿ ಸಿಕ್ಕಿದ್ದನ್ನು ಅವನೂ ಎತ್ತಿಕೊಳ್ಳುತ್ತಾನೆ. ಕೆಲವೊಮ್ಮೆ ತಾನಾಗಿ ಎಲ್ಲೋ ಇಳಿಸುತ್ತಾನೆ, ಅದನ್ನು ನಂಬಿ ಕೂರಬೇಡಿ. ಗುಂಡಿಗೆ ಕೆಡವಿ. ಬೀಳುವಾಗ ಚಿನ್ನ ಗುಂಡಿಯ ಬಾಯಿಯ ಮೇಲೆ ಉಳಿಯುತ್ತದೆ, ಅವನು ಹತ್ತಿ ಬರುವುದರೊಳಗೆ ತಲೆಯ ಮೇಲೆ ಹಾದುಹೋಗಿ ತೆಗೆದುಕೊಳ್ಳಿ. ಯಾರ ಬಳಿ ಇದೆ ಎಂದು ತಿಳಿಯದಿದ್ದರೆ ಎಲ್ಲರನ್ನೂ ಒಮ್ಮೆ ಕೆಡವಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಮೂರನೆಯದು ನಿಜವಾದ ಪ್ರಶ್ನೆ. ಈ ಆಟದಲ್ಲಿ ಕಾಲಡಿಯ ಇಟ್ಟಿಗೆಯನ್ನು ಅಗೆಯಲಾಗುವುದಿಲ್ಲ, ಪಕ್ಕದ್ದನ್ನು ಮಾತ್ರ. ಒಂದೇ ಇಟ್ಟಿಗೆಯಷ್ಟು ಅಗಲದ ಗುಂಡಿಗೆ ಇಳಿದರೆ ನಿಮ್ಮ ಎರಡೂ ಪಕ್ಕದಲ್ಲಿ ಗೋಡೆ. ಕೆಳಗಿನ ಪದರದ ಪಕ್ಕದ ಇಟ್ಟಿಗೆಯ ಮೇಲೆ ಆ ಗೋಡೆಯೇ ಕೂತಿರುವುದರಿಂದ ಅದು ಕದಲುವುದಿಲ್ಲ. ಕಾವಲುಗಾರ ಗುಂಡಿಯಿಂದ ಹತ್ತಿ ಬರುತ್ತಾನೆ, ನೀವು ಹತ್ತಲಾರಿರಿ. ಹಾಗಾಗಿ ಎಷ್ಟು ಪದರ ಇಳಿಯಬೇಕೋ ಮೇಲ್ಗಡೆ ಅಷ್ಟು ಅಗಲ ತೆಗೆಯಬೇಕು. ಬಾವಿ ತೋಡುವವರು ಬಾಯಿ ಅಗಲ ಮಾಡಿಕೊಂಡು ಇಳಿಯುವ ಹಾಗೆ.

ಮೇಲಿನ ಪದರದಲ್ಲಿ ಎಡದಿಂದ ಬಲಕ್ಕೆ 1, 2, 3 ಎಂದು ಮೂರು ಇಟ್ಟಿಗೆ ಗುರುತಿಟ್ಟುಕೊಳ್ಳಿ. ಚಿನ್ನ 3ರ ನೇರಕ್ಕೆ, ತೀರಾ ಕೆಳಗಿದೆ. 2ರ ಮೇಲೆ ನಿಂತು ಎಕ್ಸ್ ಒತ್ತಿ, 3 ತೆರೆಯಿತು. ಎಡಕ್ಕೆ ಸರಿದು 1ರ ಮೇಲೆ ನಿಂತು ಒತ್ತಿ, 2 ತೆರೆಯಿತು. ಇನ್ನೂ ಎಡಕ್ಕೆ ಸರಿದು ಒತ್ತಿ, 1 ತೆರೆಯಿತು. ಈಗ ಬಲಕ್ಕೆ ನಡೆದರೆ 1ರೊಳಗೆ ಇಳಿಯುತ್ತೀರಿ, ಮುಂದೆ ಓಡಾಡಲು ಮೂರು ಮನೆಯ ಜಾಗವಿದೆ. 2ಕ್ಕೆ ನಡೆದು ನಿಂತು ಒತ್ತಿ, ಎರಡನೆಯ ಪದರದ 3 ಹೋಯಿತು. 1ಕ್ಕೆ ಹಿಂತಿರುಗಿ ಒತ್ತಿ, ಎರಡನೆಯ ಪದರದ 2 ಹೋಯಿತು. ಬಲಕ್ಕೆ ನಡೆದು ಅದರೊಳಗೆ ಇಳಿಯಿರಿ. ಅಲ್ಲಿಂದ ಕೊನೆಯ ಬಾರಿ ಒತ್ತಿದರೆ ಮೂರನೆಯ ಪದರದ 3 ತೆರೆಯುತ್ತದೆ, ಬಲಕ್ಕೆ ಸರಿದರೆ ನೇರ ಚಿನ್ನದ ಮೇಲೆ.

ಎಲ್ಲಿಯೂ ತಡೆಯಬೇಡಿ. ಮೊದಲು ತೆಗೆದ 3 ಮೊದಲು ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಅದರ ಅಡಿಯದನ್ನು ತೆಗೆದಿರಬೇಕು. ಈ ಕೆಲಸಕ್ಕೆ ಕೈಹಾಕುವ ಮುನ್ನ ಕಾವಲುಗಾರರನ್ನು ಪರದೆಯ ಇನ್ನೊಂದು ತುದಿಗೆ ಎಳೆದುಕೊಂಡು ಹೋಗಿ ಬಿಟ್ಟು ಬನ್ನಿ. ಮಧ್ಯದಲ್ಲಿ ಒಬ್ಬ ಬಂದರೂ ಲೆಕ್ಕ ತಪ್ಪುತ್ತದೆ.

ಭದ್ರಾವತಿ_ಹುಡುಗ:

ಅಮ್ಮಾ, ಕಾಗದದ ಮೇಲೆ ಚೌಕ ಬರೆದು ನಿಮ್ಮ ಲೆಕ್ಕ ನೋಡಿಕೊಂಡು ಆಡಿದೆ. ಮೂರು ಪದರ ಇಳಿದೆ! ಚಿನ್ನವೂ ಸಿಕ್ಕಿತು. ಆದರೆ ಕೆಳಗಿನ ಕೋಣೆಯಿಂದ ಹೊರಗೆ ಬರಲು ದಾರಿಯೇ ಇಲ್ಲ. ನೆಲ ಬೇರೆ ಬಣ್ಣದ್ದು, ಅಗೆಯುವುದಿಲ್ಲ.

ಕ್ಯಾಸೆಟ್_ಅಂಗಡಿ:

ಬೇರೆ ಬಣ್ಣದ್ದು ಗಟ್ಟಿ ಕಲ್ಲು, ಅದಕ್ಕೆ ಯಾರೂ ಏನೂ ಮಾಡಲಾರರು. ಮೇಲಿನಿಂದ ಇಳಿಯುವುದು ಆ ಕೋಣೆಯ ಬಾಗಿಲಲ್ಲ ಎಂದಾಯಿತು, ಅಥವಾ ಅಲ್ಲಿನ ಚಿನ್ನವನ್ನು ಕೊನೆಗೆ ತೆಗೆದುಕೊಳ್ಳಬೇಕು ಎಂದಾಯಿತು. ಎಲ್ಲ ಚಿನ್ನ ಮುಗಿದ ಮೇಲೆ ಹೊಸ ಏಣಿಗಳು ಮೂಡುತ್ತವಲ್ಲ, ಒಂದೊಂದು ಹಂತದಲ್ಲಿ ಅವು ಇಂಥ ಕೋಣೆಯಿಂದಲೇ ಹೊರಡುತ್ತವೆ. ಬೇರೆ ಎಲ್ಲವನ್ನೂ ತೆಗೆದು ಇದನ್ನು ಉಳಿಸಿಕೊಂಡು ನೋಡಿ. ಸುತ್ತಲಿನ ಇಟ್ಟಿಗೆಗಳ ಮೇಲೂ ಒಮ್ಮೆ ನಡೆದು ಪರೀಕ್ಷಿಸಿ. ನೋಡಲು ಎಲ್ಲ ಇಟ್ಟಿಗೆಯಂತೆಯೇ ಇದ್ದು ಕಾಲಿಟ್ಟರೆ ಕೆಳಕ್ಕೆ ಬೀಳಿಸುವ ಕಳ್ಳ ಇಟ್ಟಿಗೆಗಳು ಈ ಆಟದಲ್ಲಿವೆ. ಅವುಗಳಿಂದ ಸಾಯುವವರೂ ಇದ್ದಾರೆ, ದಾರಿ ಕಂಡುಕೊಳ್ಳುವವರೂ ಇದ್ದಾರೆ.

ಸೊನ್ನೆ_ಒಂದು:

ಅಭ್ಯಾಸಕ್ಕೆ ಇನ್ನೊಂದು ಉಪಾಯ. ಮೂಲ ಆಟದಲ್ಲೇ ನಮ್ಮದೇ ಹಂತವನ್ನು ಕಟ್ಟುವ ಸೌಲಭ್ಯವಿತ್ತು. 1983ರ ಮಟ್ಟಿಗೆ ಅದು ದೊಡ್ಡ ಸಂಗತಿ. ನಿಮ್ಮ ಆವೃತ್ತಿಯಲ್ಲೂ ಇದ್ದರೆ ಕಾವಲುಗಾರರಿಲ್ಲದ ಒಂದು ಹಂತ ಕಟ್ಟಿ, ನಾಲ್ಕು ಪದರ, ಐದು ಪದರ ಇಳಿದು ನೋಡಿ.

ಮುಂದೆ 1984ರಲ್ಲಿ ಚಾಂಪಿಯನ್‌ಶಿಪ್ ಲೋಡ್ ರನ್ನರ್ ಬಂತು, 50 ಹಂತಗಳದ್ದು. ಎಲ್ಲವನ್ನೂ ಮುಗಿಸಿದವರಿಗೆ ಒಂದು ಸಂಕೇತ ಸಿಗುತ್ತಿತ್ತು, ಅದನ್ನು ಕಂಪನಿಗೆ ಕಳುಹಿಸಿದರೆ ಪ್ರಮಾಣಪತ್ರ ಬರುತ್ತಿತ್ತು. ಅದನ್ನು ಈಗಲೇ ಮುಟ್ಟಬೇಡಿ. ಮತ್ತೆ, ಅಮ್ಮ ಬೈದರೂ ಸರಿ, ವಿಡಿಯೋ ನೋಡುವುದರಲ್ಲಿ ತಪ್ಪೇನಿಲ್ಲ ಎಂದೇ ನನ್ನ ಅಭಿಪ್ರಾಯ.

ಭದ್ರಾವತಿ_ಹುಡುಗ:

ಆ ಕೋಣೆಯನ್ನು ಕೊನೆಗೆ ಉಳಿಸಿಕೊಂಡೆ, ಏಣಿ ಅಲ್ಲಿಂದಲೇ ಮೂಡಿತು. ಈಗ ಮುಂದಿನ ಹಂತದಲ್ಲಿದ್ದೇನೆ. ತೀರಾ ಮೇಲೆ ಒಂದು ಅಟ್ಟದಂಥ ಜಾಗ, ಅದರ ಮೇಲೆ ಒಂದು ಚಿನ್ನ. ಏಣಿಯಿಲ್ಲ, ಕಂಬಿಯಿಲ್ಲ. ಇದನ್ನು ಜಿಗಿಯದೆ ತೆಗೆಯುವುದು ಹೇಗೆ?

ಕ್ಯಾಸೆಟ್_ಅಂಗಡಿ:

ನೀವು ಹೋಗಬೇಡಿ, ಕಾವಲುಗಾರನನ್ನು ಕಳುಹಿಸಿ.

ಗುಂಡಿಯಲ್ಲಿರುವಾಗ ಇಟ್ಟಿಗೆ ಮುಚ್ಚಿಕೊಂಡರೆ ಅವನು ಸಾಯುತ್ತಾನೆ, ಸತ್ತವನು ಪರದೆಯ ಮೇಲ್ಭಾಗದಲ್ಲಿ ಮತ್ತೆ ಹುಟ್ಟುತ್ತಾನೆ. ಅಲ್ಲಿಂದ ಬೀಳುವಾಗ ಆ ಅಟ್ಟದ ಮೇಲೆ ಇಳಿದರೆ ಚಿನ್ನ ಎತ್ತಿಕೊಂಡು ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಕೆಳಗೆ ಗುಂಡಿ ತೋಡಿ ವಸೂಲಿ ಮಾಡಿ. ಯಾವ ಮೂಲೆಯಲ್ಲಿ ಹುಟ್ಟುತ್ತಾನೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಒಮ್ಮೆಗೇ ಆಗದಿದ್ದರೆ ಮತ್ತೆ ಕೊಲ್ಲಬೇಕು.

ಕೊಲ್ಲುವುದಕ್ಕೂ ಲೆಕ್ಕವಿದೆ. ಗುಂಡಿ ಮುಚ್ಚುವ ಹೊತ್ತು ಅಗೆದಾಗಿನಿಂದ ಶುರುವಾಗುತ್ತದೆ, ಅವನು ಹತ್ತಿ ಬರುವ ಹೊತ್ತು ಬಿದ್ದಾಗಿನಿಂದ. ಅವನು ಹತ್ತಿರ ಬಂದ ಮೇಲೆ ಅಗೆದರೆ ಬೇಗ ಬಿದ್ದು ಬೇಗ ಎದ್ದುಬರುತ್ತಾನೆ. ದೂರದಲ್ಲಿರುವಾಗಲೇ ಅಗೆದು, ಗುಂಡಿಯ ಈಚೆ ನಿಂತು ಕಾಯಿರಿ. ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಬೀಳಬೇಕು. ತೀರಾ ದೂರದಲ್ಲಿದ್ದಾಗ ಅಗೆದರೆ ಅವನು ಬರುವುದರೊಳಗೆ ನೆಲ ಮೊದಲಿನಂತಾಗಿ ನೇರ ನಿಮ್ಮ ಮೈಮೇಲೆ ಬರುತ್ತಾನೆ, ಆದ್ದರಿಂದ ನಿಮ್ಮ ಹಿಂದೆ ಒಂದು ಏಣಿ ಇರುವ ಜಾಗವನ್ನೇ ಆರಿಸಿಕೊಳ್ಳಿ.